ಹೆಜ್ಜೆಗೊಂದು ನೆರವು: ಕೋಟಿ ಅಜ್ಞಾತಗಳ ಸಮೀಕರಣ ಬಿಡಿಸುವ ಬಗೆ

ರೇಖೀಯ ಸಮೀಕರಣಗಳನ್ನು ಬಿಡಿಸಲು ಶಾಲೆಯಲ್ಲಿ ಕಲಿಸುವ ಮುಖ್ಯ ದಾರಿ ಒಂದೇ. ಒಂದು ಸಮೀಕರಣವನ್ನು ತಕ್ಕ ಸಂಖ್ಯೆಯಿಂದ ಗುಣಿಸಿ, ಇನ್ನೊಂದರಿಂದ ಕಳೆದು, ಅಜ್ಞಾತಗಳನ್ನು ಒಂದೊಂದಾಗಿ ಹೊರಹಾಕುತ್ತಾ ಹೋಗುವುದು. ಎರಡೋ ಮೂರೋ ಅಜ್ಞಾತಗಳಿದ್ದಾಗ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಆದರೆ ಅಜ್ಞಾತಗಳು ಹತ್ತು ಪಟ್ಟಾದರೆ ಇಲ್ಲಿ ಕೆಲಸ ಸಾವಿರ ಪಟ್ಟಾಗುತ್ತದೆ. ನೋಯ್ಡಾದಲ್ಲಿರುವ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ 12 ಕಿ.ಮೀ. ಅಂತರದ ಜಾಗತಿಕ ಮಾದರಿಯನ್ನೇ ತೆಗೆದುಕೊಳ್ಳಬಹುದು. ಅದು ಇಡೀ ವಾತಾವರಣವನ್ನು ಪೂರ್ವ–ಪಶ್ಚಿಮವಾಗಿ 2048, ಉತ್ತರ–ದಕ್ಷಿಣವಾಗಿ 1536, ನೆಲದಿಂದ ಮೇಲಕ್ಕೆ 70 ಭಾಗ ಮಾಡುತ್ತದೆ. ಒಟ್ಟು ಸುಮಾರು 22 ಕೋಟಿ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಗೂ ಒತ್ತಡದ ಒಂದು ಅಜ್ಞಾತ. ಇಷ್ಟು ಅಜ್ಞಾತಗಳನ್ನು ಶಾಲೆಯ ವಿಧಾನದಲ್ಲೇ ಹೊರಹಾಕಹೊರಟರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೆ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಕಂಪ್ಯೂಟರ್ ತನ್ನ ಪೂರ್ಣ ವೇಗದಲ್ಲಿ ದುಡಿದರೂ ಒಂದು ಉತ್ತರಕ್ಕೆ 68 ವರ್ಷ ಹಿಡಿಯುತ್ತದೆ. ಹತ್ತು ದಿನದ ಒಂದು ಮುನ್ಸೂಚನೆಗೆ ಇಂಥ ಲೆಕ್ಕವನ್ನು ಸಾವಿರಾರು ಸಲ ಮಾಡಬೇಕು.

ಈ ಸಮೀಕರಣಗಳಿಗೆ ಒಂದು ಒಳ್ಳೆಯ ಗುಣವೂ ಇದೆ. ಒಂದು ಪೆಟ್ಟಿಗೆಯ ಸಮೀಕರಣದಲ್ಲಿ ಬರುವುದು ಅದೇ ಪೆಟ್ಟಿಗೆ ಮತ್ತು ಅದರ ಆರು ನೆರೆಯವು ಮಾತ್ರ. ಉಳಿದ ಕೋಟ್ಯಂತರ ಜಾಗಗಳಲ್ಲಿ ಬರೀ ಸೊನ್ನೆ. ಸೊನ್ನೆಗಳ ಲಾಭ ಪಡೆದು ಜಾಣತನದಿಂದ ಅಜ್ಞಾತಗಳನ್ನು ಹೊರಹಾಕುವ ಕ್ರಮಗಳಿವೆ, ಕೆಲವೆಡೆ ಅವೇ ಸರಿಯಾದ ಆಯ್ಕೆ. ಉದಾಹರಣೆಗೆ ವಿದ್ಯುತ್ ಜಾಲ. ಆಂಧ್ರದ ಅನಕಾಪಲ್ಲಿ ಜಿಲ್ಲೆಯ ಪರವಾಡದ ಬಳಿ 2000 ಮೆಗಾವಾಟ್‌ನ ಸಿಂಹಾದ್ರಿ ಉಷ್ಣವಿದ್ಯುತ್ ಸ್ಥಾವರವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿಕೊಂಡ ಮೇಲೆ, ಸಿಂಹಾದ್ರಿಯ ಒಂದು ಘಟಕ ನಿಂತರೆ ಅದರ ಪರಿಣಾಮವನ್ನು ದೇಶದಗಲದ ಜಾಲದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ. ಆದರೂ ಒಂದು ಉಪಕೇಂದ್ರಕ್ಕೆ ತಾಗುವ ತಂತಿಗಳು ಬೆರಳೆಣಿಕೆಯಷ್ಟು, ಜಾಲವೂ ಹೆಚ್ಚುಕಡಿಮೆ ನೆಲದ ಮೇಲೆ ಚಪ್ಪಟೆಯಾಗಿ ಹರಡಿದೆ. ಅಲ್ಲಿ ನೇರ ವಿಧಾನ ಸಲೀಸಾಗಿ ಗೆಲ್ಲುತ್ತದೆ. ಮೂರು ಆಯಾಮದ ವಾತಾವರಣ, ಸಮುದ್ರ, ಬಂಡೆ, ಹಡಗಿನ ಸುತ್ತಲ ನೀರು ಇವುಗಳಲ್ಲಿ ಹಾಗಾಗುವುದಿಲ್ಲ. ಅಜ್ಞಾತಗಳನ್ನು ಹೊರಹಾಕುತ್ತಾ ಹೋದಂತೆ ಸೊನ್ನೆ ಇದ್ದ ಜಾಗಗಳಲ್ಲಿ ಹೊಸ ಸಂಖ್ಯೆಗಳು ತುಂಬಿಕೊಂಡು, ನೆನಪಿನ ಕೋಶವೇ ಸಾಲದಾಗುತ್ತದೆ.

ಇನ್ನೊಂದು ದಾರಿ, ಉತ್ತರವನ್ನು ಅಂದಾಜು ಮಾಡಿ, ಅಂದಾಜನ್ನು ಮತ್ತೆ ಮತ್ತೆ ತಿದ್ದುವುದು. 1823ರ ಡಿಸೆಂಬರಿನಲ್ಲಿ ಜರ್ಮನಿಯ ಗಾಸ್ ತನ್ನ ಶಿಷ್ಯ ಗೆರ್ಲಿಂಗ್‌ಗೆ ಬರೆದ ಪತ್ರದಲ್ಲಿ ಈ ವಿಧಾನವಿದೆ. ಭೂಮಾಪನದಲ್ಲಿ ಅಳೆದ ಕೋನಗಳ ತಪ್ಪುಗಳನ್ನು ಹಂಚುವ ಲೆಕ್ಕ ಅದು. ಅರೆನಿದ್ದೆಯಲ್ಲೂ ಮಾಡಬಹುದಾದಷ್ಟು ಸುಲಭ ಎಂದು ಗಾಸ್ ಅದನ್ನು ಹೊಗಳಿದ್ದ. ನಾಲ್ಕು ಕ ಮತ್ತು ಒಂದು ಖ ಕೂಡಿದರೆ 9, ಒಂದು ಕ ಮತ್ತು ಮೂರು ಖ ಕೂಡಿದರೆ 5 ಎಂದುಕೊಳ್ಳೋಣ. ಖ ಸೊನ್ನೆ ಎಂದು ಹಿಡಿದರೆ ಮೊದಲ ಸಮೀಕರಣದಿಂದ ಕ 2.25. ಅದನ್ನು ಎರಡನೆಯದಕ್ಕೆ ಹಾಕಿದರೆ ಖ 0.9167. ಮತ್ತೆ ಮೊದಲನೆಯದಕ್ಕೆ ಬಂದರೆ ಕ 2.0208, ಖ 0.9931, ಇನ್ನೊಂದು ಸುತ್ತಿಗೆ ಕ 2.0017. ನಿಜವಾದ ಉತ್ತರ 2 ಮತ್ತು 1. ಸುತ್ತಿಗೊಮ್ಮೆ ತಪ್ಪು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತಿದೆ.

ಅವೇ ಎರಡು ಸಮೀಕರಣಗಳನ್ನು ಅದಲುಬದಲು ಮಾಡಿ, ಎರಡನೆಯದರಿಂದ ಕ ಮತ್ತು ಮೊದಲನೆಯದರಿಂದ ಖ ಹುಡುಕಹೊರಟರೆ ಕತೆಯೇ ಬೇರೆ. ಕ 5 ಆಗುತ್ತದೆ, ಖ –11, ಮತ್ತೆ ಕ 38, ಖ –143. ಪ್ರತಿ ಸುತ್ತಿಗೂ ತಪ್ಪು ಹನ್ನೆರಡು ಪಟ್ಟು ಬೆಳೆಯುತ್ತದೆ. ಸಮೀಕರಣ ಬದಲಾಗಿಲ್ಲ, ಉತ್ತರವೂ ಬದಲಾಗಿಲ್ಲ. ಅದನ್ನು ಹಿಡಿದುಕೊಂಡ ಬಗೆ ಮಾತ್ರ ಬದಲಾಗಿದೆ. ಲೆಕ್ಕ ಶುರುಮಾಡುವ ಮೊದಲು ಸಮೀಕರಣಗಳನ್ನು ಹದಗೊಳಿಸಿಕೊಳ್ಳಬೇಕು ಎಂಬ ವಿಚಾರದ ಬೇರು ಇಲ್ಲಿದೆ. ಜಾಕೋಬಿ 1845ರಲ್ಲೇ ಸಮೀಕರಣಗಳನ್ನು ಮೊದಲು ತಿರುಗಿಸಿ, ಕರ್ಣದ ಸಂಖ್ಯೆಗಳನ್ನು, ಅಂದರೆ ಪ್ರತಿ ಸಮೀಕರಣದಲ್ಲಿ ಅದರಿಂದ ಹುಡುಕುವ ಅಜ್ಞಾತದ ಗುಣಕವನ್ನು, ದೊಡ್ಡದು ಮಾಡಿಕೊಂಡು, ಆಮೇಲೆ ಸುತ್ತು ಹಾಕುವ ಕ್ರಮವನ್ನು ಪ್ರಕಟಿಸಿದ್ದ. ಆ ಲೆಕ್ಕಗಳನ್ನು ಮಾಡಿಕೊಟ್ಟವನು ಅವನ ಶಿಷ್ಯ ಸೈಡೆಲ್.

ಭಾರತದಲ್ಲಿ ಇಂಥ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಮಹಾ ತ್ರಿಕೋನಮಿತಿ ಸರ್ವೆಯಲ್ಲಿ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ಹೋದ ತ್ರಿಕೋನಗಳ ಸಾಲುಗಳನ್ನು ಸರಿಪಡಿಸಲು ಅಲ್ಲಲ್ಲಿ ನೆಲದ ಮೇಲೆಯೇ ಆಧಾರರೇಖೆಗಳನ್ನು ಅಳೆಯುತ್ತಿದ್ದರು. ಅದಕ್ಕೆ ಬಳಸಿದ್ದು ಹಿತ್ತಾಳೆ ಮತ್ತು ಕಬ್ಬಿಣವನ್ನು ಜೋಡಿಸಿದ, ಬಿಸಿಲಿಗೆ ಉದ್ದ ಬದಲಾಗದಂತೆ ಮಾಡಿದ ಕೋಲ್ಬಿಯ ಹತ್ತಡಿ ಪಟ್ಟಿಗಳು. ಬೀದರಿನ ಆಧಾರರೇಖೆಯನ್ನು 1841ರಲ್ಲಿ ಅಳೆದರು, ವಿಶಾಖಪಟ್ಟಣದ್ದನ್ನು 1862–63ರಲ್ಲಿ, ಬೆಂಗಳೂರಿನದನ್ನು 1868ರಲ್ಲಿ. ಕಲ್ಕತ್ತೆಯಿಂದ ಮದರಾಸಿನತ್ತ ಇಳಿದ ಪೂರ್ವ ಕರಾವಳಿಯ ಸಾಲು ಅಂದಿನ ವಿಶಾಖಪಟ್ಟಣ ಜಿಲ್ಲೆಯನ್ನು ಹಾದುಹೋಗಿತ್ತು. 2022ರ ಏಪ್ರಿಲ್ 4ರಂದು ಪ್ರತ್ಯೇಕವಾದ ಅನಕಾಪಲ್ಲಿ ಜಿಲ್ಲೆ ಆಗ ಅದರದೇ ಭಾಗ.

ಇಡೀ ದೇಶದ ಕೋನಗಳ ತಪ್ಪುಗಳನ್ನು ಒಟ್ಟಿಗೇ ಸರಿದೂಗಿಸುವುದು ಕೈಲೆಕ್ಕಕ್ಕೆ ನಿಲುಕುವ ಮಾತಾಗಿರಲಿಲ್ಲ. ಹಾಗಾಗಿ ಜಾಲವನ್ನು ನಾಲ್ಕು ಚತುರ್ಭುಜ ಮತ್ತು ಒಂದು ದಕ್ಷಿಣ ತ್ರಿಭುಜ ಎಂದು ಐದು ಭಾಗ ಮಾಡಿ, ಒಂದಾದ ಮೇಲೊಂದನ್ನು ಬಿಡಿಸಿದರು. ವಾಯವ್ಯ ಚತುರ್ಭುಜ ಮೊದಲು. ಅದರ ಉತ್ತರ ಸ್ಥಿರವಾದ ಮೇಲೆ ಅಂಚಿನ ಬೆಲೆಗಳನ್ನು ಹಾಗೇ ಇಟ್ಟುಕೊಂಡು ಪಕ್ಕದ್ದು. ಬೀದರಿನಿಂದ ವಿಶಾಖಪಟ್ಟಣಕ್ಕೆ ಹೋಗುವ ತ್ರಿಕೋನಗಳ ಸಾಲು ಆಗ್ನೇಯ ಚತುರ್ಭುಜಕ್ಕೂ ದಕ್ಷಿಣ ತ್ರಿಭುಜಕ್ಕೂ ನಡುವಿನ ಗಡಿ. ಆಗ್ನೇಯ ಭಾಗದ ಲೆಕ್ಕದಲ್ಲಿ ಈ ಗಡಿಗೆ ಬಂದ ಬೆಲೆಗಳೇ ತ್ರಿಭುಜದ ಲೆಕ್ಕಕ್ಕೆ ಕಟ್ಟುಪಾಡಾದವು. ಬೆಂಗಳೂರಿನ ಆಧಾರರೇಖೆ ಎಷ್ಟೇ ನಿಖರವಾಗಿದ್ದರೂ ಅದು ಬೀದರ್–ವಿಶಾಖಪಟ್ಟಣ ಸಾಲನ್ನು ಇನ್ನು ತಿದ್ದುವಂತಿರಲಿಲ್ಲ. ಇಂದಿನ ಗಣಿತಜ್ಞರ ಕಣ್ಣಿಗೆ ಇದು ಮೇಲೆ ಕಂಡ ಸುತ್ತುಗಳ ವಿಧಾನದ, ಇಂದಿನ ಹೆಸರಿನಲ್ಲಿ ಗಾಸ್–ಸೈಡೆಲ್ ವಿಧಾನದ, ಭಾಗ ಭಾಗವಾಗಿ ನಡೆಸಿದ ಒಂದೇ ಒಂದು ಸುತ್ತು. ಸುತ್ತನ್ನು ಮತ್ತೆ ಮತ್ತೆ ಹಾಕಿದ್ದರೆ ಅದು ಇಡೀ ದೇಶದ ಒಟ್ಟು ಉತ್ತರದತ್ತಲೇ ಸಾಗುತ್ತಿತ್ತು. ಗುಮಾಸ್ತರ ಕೈಯಲ್ಲಿ ವರ್ಷಗಟ್ಟಲೆ ನಡೆಯುತ್ತಿದ್ದ ಲೆಕ್ಕಕ್ಕೆ ಎರಡನೆಯ ಸುತ್ತು ಬೇಕೆನ್ನುವುದು ಮಾತ್ರ ಕ್ರೌರ್ಯವಾಗುತ್ತಿತ್ತು.

ಗಾಸ್–ಸೈಡೆಲ್ ಹಿಂದಿನದನ್ನು ನೆನಪಿಡುವುದಿಲ್ಲ. ಇದ್ದ ಅಂದಾಜನ್ನು ತಿದ್ದಿ ಮುಂದೆ ಹೋಗುತ್ತದೆ, ಅಷ್ಟೆ. ಇಪ್ಪತ್ತನೆಯ ಶತಮಾನದ ವಿಧಾನಗಳು ನಡೆದುಬಂದ ದಿಕ್ಕುಗಳನ್ನೆಲ್ಲ ಕೂಡಿಟ್ಟು ಅವುಗಳ ಒಟ್ಟು ಲಾಭ ಪಡೆಯುತ್ತವೆ. ಅಂದಾಜನ್ನು ಸಮೀಕರಣಕ್ಕೆ ಹಾಕಿದಾಗ ಎಷ್ಟು ತಾಳೆಯಾಗದೆ ಉಳಿಯುತ್ತದೋ ಅದು ಶೇಷ. ಸಮೀಕರಣಗಳ ಗುಣಕಗಳ ಕೋಷ್ಟಕವೇ ಮ್ಯಾಟ್ರಿಕ್ಸ್. ಶೇಷಕ್ಕೆ ಅದನ್ನು ಒಮ್ಮೆ ಗುಣಿಸಿದರೆ ಒಂದು ಹೊಸ ದಿಕ್ಕು, ಮತ್ತೊಮ್ಮೆ ಗುಣಿಸಿದರೆ ಇನ್ನೊಂದು. ಈ ದಿಕ್ಕುಗಳು ತುಂಬುವ ಜಾಗಕ್ಕೆ 1931ರಲ್ಲಿ ಇದನ್ನು ಬೇರೊಂದು ಕೆಲಸಕ್ಕೆ ಬಳಸಿದ ರಷ್ಯದ ನೌಕಾ ಎಂಜಿನಿಯರ್ ಕ್ರೈಲೋವ್‌ನ ಹೆಸರಿದೆ. ಮ್ಯಾಟ್ರಿಕ್ಸ್ ಸಮಮಿತವಾಗಿ, ಧನಾತ್ಮಕವಾಗಿ ಇದ್ದರೆ ಹೆಸ್ಟೀನ್ಸ್ ಮತ್ತು ಸ್ಟೀಫೆಲ್ 1952ರಲ್ಲಿ ಕೊಟ್ಟ ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನ ಸಾಕು. ಅದಕ್ಕೆ ಹಳೆಯ ದಿಕ್ಕುಗಳಲ್ಲಿ ತೀರಾ ಇತ್ತೀಚಿನದೊಂದಿದ್ದರೆ ಆಯಿತು. ಸಮಮಿತಿ ಇಲ್ಲದಿದ್ದರೆ ಸಾದ್ ಮತ್ತು ಶುಲ್ಟ್ಜ್ 1986ರಲ್ಲಿ ಪ್ರಕಟಿಸಿದ ಜಿಎಂರೆಸ್. ಅದು ಎಲ್ಲ ದಿಕ್ಕುಗಳನ್ನೂ ಪರಸ್ಪರ ಲಂಬವಾಗಿ ಜೋಡಿಸಿ ಇಟ್ಟುಕೊಂಡು, ಅವುಗಳಿಂದ ಶೇಷವನ್ನು ಎಷ್ಟು ಕಿರಿದು ಮಾಡಲು ಸಾಧ್ಯವೋ ಅಷ್ಟು ಮಾಡುತ್ತದೆ.

ಇಷ್ಟಾದರೂ ಮ್ಯಾಟ್ರಿಕ್ಸ್ ಒರಟಾಗಿದ್ದರೆ ಹೆಜ್ಜೆಗಳು ಸಾವಿರಗಟ್ಟಲೆ ಆಗುತ್ತವೆ. ಅದಕ್ಕೇ ಪ್ರೀಕಂಡಿಷನರ್: ಮೂಲ ಮ್ಯಾಟ್ರಿಕ್ಸನ್ನು ಸುಮಾರಾಗಿ ಹೋಲುವ, ಆದರೆ ಅಗ್ಗವಾಗಿ ಬಿಡಿಸಬಹುದಾದ ಇನ್ನೊಂದು ವ್ಯವಸ್ಥೆ. ಪ್ರತಿ ಹೆಜ್ಜೆಯಲ್ಲೂ ದಿಕ್ಕನ್ನು ಮೊದಲು ಇದರಿಂದ ಹಾಯಿಸಿ, ಬಂದದ್ದನ್ನು ಮೂಲ ಮ್ಯಾಟ್ರಿಕ್ಸಿನಿಂದ ಗುಣಿಸುತ್ತಾರೆ. ಪ್ರೀಕಂಡಿಷನರ್ ಎಷ್ಟೇ ಒಡ್ಡಾಗಿರಲಿ, ಶೇಷವನ್ನು ಅಳೆಯುವುದು ಮೂಲ ಮ್ಯಾಟ್ರಿಕ್ಸಿನಿಂದಲೇ. ಹಾಗಾಗಿ ಕೆಟ್ಟ ಪ್ರೀಕಂಡಿಷನರಿನಿಂದ ಹೊತ್ತು ಹಾಳಾಗಬಹುದು, ತಪ್ಪು ಉತ್ತರ ಸರಿ ಎನ್ನಿಸಿಕೊಂಡು ಹೊರಬರುವುದಿಲ್ಲ. ಈ ವಿಷಯದಲ್ಲಿ ಎಂಜಿನಿಯರುಗಳು ತೋರುವ ಧಾರಾಳಕ್ಕೆಲ್ಲ ಇದೇ ಆಧಾರ.

ಪ್ರೀಕಂಡಿಷನರ್ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಹವಾಮಾನ ಮಾದರಿ ಒಳ್ಳೆಯ ನಿದರ್ಶನ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದಲ್ಲಿ ದಡ ಹತ್ತಿದಾಗ ಗಾಳಿಯ ವೇಗ ಗಂಟೆಗೆ 180 ಕಿ.ಮೀ. ಇತ್ತು. ಅನಕಾಪಲ್ಲಿ ಪಟ್ಟಣಕ್ಕೂ ವಿಶಾಖಪಟ್ಟಣಕ್ಕೂ ಮೂವತ್ತು ಚಿಲ್ಲರೆ ಕಿ.ಮೀ. ದೂರ, 12 ಕಿ.ಮೀ. ಜಾಲದಲ್ಲಿ ನಡುವೆ ಹಿಡಿಸುವುದು ಎರಡೋ ಮೂರೋ ಪೆಟ್ಟಿಗೆ. ಇಂಥ ಮಾದರಿಯಲ್ಲಿ ಶಬ್ದದ ಅಲೆಯನ್ನು ಹೆಜ್ಜೆಹೆಜ್ಜೆಗೂ ಬೆನ್ನಟ್ಟಬೇಕಾದರೆ, 20 ಮೀಟರ್ ದಪ್ಪದ ಪದರಕ್ಕೆ ಕಾಲದ ಹೆಜ್ಜೆ ಸೆಕೆಂಡಿನ ಹದಿನೈದರಲ್ಲೊಂದು ಭಾಗಕ್ಕಿಂತ ಕಡಿಮೆ ಆಗಬೇಕು. ಹಾಗೆ ತೆವಳಿದರೆ ಮುನ್ಸೂಚನೆ ಬರುವ ಹೊತ್ತಿಗೆ ಚಂಡಮಾರುತ ಬಂದುಹೋಗಿರುತ್ತದೆ. ಅದರ ಬದಲು ವೇಗದ ಅಲೆಗಳ ಭಾಗವನ್ನು ಮುಂದಿನ ಕ್ಷಣದ ಅಜ್ಞಾತ ಬೆಲೆಗಳಲ್ಲೇ ಬರೆದು, ಹೆಲ್ಮ್‌ಹೋಲ್ಟ್ಸ್ ಸಮೀಕರಣವೆಂಬ ದೊಡ್ಡ ರೇಖೀಯ ವ್ಯವಸ್ಥೆಯನ್ನು ಬಿಡಿಸುತ್ತಾರೆ. ಆಗ ಕೆಲವು ನಿಮಿಷಗಳ ಹೆಜ್ಜೆ ಹಾಕಬಹುದು. ನೋಯ್ಡಾದ ಕೇಂದ್ರ ಬಳಸುವ ಮಾದರಿಯ ಮೂಲ ಬ್ರಿಟನ್ನಿನ ಹವಾಮಾನ ಇಲಾಖೆಯದು. ಆ ಮಾದರಿ ಒಂದು ಕಾಲಹೆಜ್ಜೆಯಲ್ಲಿ ಈ ವ್ಯವಸ್ಥೆಯನ್ನು ಸಾಮಾನ್ಯವಾಗಿ ನಾಲ್ಕು ಸಲ ಬಿಡಿಸುತ್ತದೆ. (ಎಲ್ಲ ಮಾದರಿಗಳಿಗೂ ಈ ಪಾಡಿಲ್ಲ. ಅಲೆಗಳ ಮೊತ್ತವಾಗಿ ವಾತಾವರಣವನ್ನು ಬರೆಯುವ ಮಾದರಿಗಳಲ್ಲಿ ಈ ಸಮೀಕರಣ ಚಿಕ್ಕ ಚಿಕ್ಕ ಬಿಡಿ ಲೆಕ್ಕಗಳಾಗಿ ಒಡೆದುಹೋಗುತ್ತದೆ.)

ಇಲ್ಲಿ ಅಡ್ಡಲಾಗಿ ನೆರೆಯ ಪೆಟ್ಟಿಗೆ 12 ಕಿ.ಮೀ. ದೂರ, ಮೇಲಿನ ಪೆಟ್ಟಿಗೆ 100 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ದೂರದ ಅನುಪಾತ 120. ನಂಟಿನ ಬಲ ದೂರದ ವರ್ಗಕ್ಕೆ ವಿಲೋಮವಾದ್ದರಿಂದ ಲಂಬ ನಂಟು ಅಡ್ಡ ನಂಟಿಗಿಂತ 14,400 ಪಟ್ಟು ಬಿಗಿ. ಆದ್ದರಿಂದ ಪ್ರೀಕಂಡಿಷನರ್ ಅಡ್ಡ ನಂಟನ್ನು ಬಹುಮಟ್ಟಿಗೆ ಬದಿಗಿಟ್ಟು, 70 ಪೆಟ್ಟಿಗೆಗಳ ಒಂದೊಂದು ಕಂಬವನ್ನೂ ಪ್ರತ್ಯೇಕವಾಗಿ, ನೇರ ವಿಧಾನದಲ್ಲೇ ಬಿಡಿಸುತ್ತದೆ. ಅಂಥ ಕಂಬಗಳು 31 ಲಕ್ಷಕ್ಕೂ ಹೆಚ್ಚು. ಒಂದಕ್ಕೊಂದು ಕಾಯಬೇಕಿಲ್ಲ, ಸಾವಿರಾರು ಪ್ರೊಸೆಸರುಗಳಿಗೆ ಹಂಚಬಹುದು. ಉಳಿದ ದುರ್ಬಲ ಅಡ್ಡ ನಂಟನ್ನು ಕ್ರೈಲೋವ್ ವಿಧಾನ ನೋಡಿಕೊಳ್ಳುತ್ತದೆ.

ಕಂಬಗಳ ಪ್ರೀಕಂಡಿಷನರ್ ಸ್ಥಿರ. ಒಂದೇ ದಿಕ್ಕನ್ನು ಹತ್ತು ಸಲ ಕೊಟ್ಟರೆ ಹತ್ತು ಸಲವೂ ಅದೇ ಉತ್ತರ ಬರುತ್ತದೆ. ಎರಡು ದಿಕ್ಕುಗಳ ಮೊತ್ತವನ್ನು ಕೊಟ್ಟರೆ ಎರಡರ ಉತ್ತರಗಳ ಮೊತ್ತವೇ ಬರುತ್ತದೆ. ಜಾಲ ಇನ್ನೂ ಸೂಕ್ಷ್ಮವಾಗಿ, ಲೆಕ್ಕ ಇನ್ನೂ ತೊಡಕಾದಾಗ ಇಷ್ಟು ಸರಳ ನೆರವು ಸಾಲುವುದಿಲ್ಲ. ಆಗ ಮತ್ತೆ ತ್ರಿಕೋನಮಿತಿ ಸರ್ವೆಯ ಉಪಾಯಕ್ಕೇ ಬರಬೇಕು: ಪ್ರದೇಶವನ್ನು ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಬಿಡಿಸಿ, ಗಡಿಗಳಲ್ಲಿ ಹೊಂದಿಸುವುದು. ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡ ಎರಡು ಪ್ರದೇಶಗಳ ನಡುವೆ ಹೀಗೆ ಹೋಗಿಬಂದು ಉತ್ತರ ಮುಟ್ಟಬಹುದೆಂದು ಶ್ವಾರ್ಟ್ಸ್ ತೋರಿಸಿದ್ದು 1870ರಲ್ಲಿ. ಇಂದು ಅದೇ ಉಪಾಯ ಪ್ರೀಕಂಡಿಷನರಿನ ವೇಷದಲ್ಲಿ ಕ್ರೈಲೋವ್ ವಿಧಾನದ ಒಳಗೆ ಕೂತಿದೆ. ತುಂಡುಗಳೇ ಲಕ್ಷಗಟ್ಟಲೆ ಅಜ್ಞಾತಗಳದ್ದಾದರೆ ಅವನ್ನೂ ನೇರವಾಗಿ ಬಿಡಿಸಲಾಗದು. ಅವಕ್ಕೂ ಒಂದು ಒಳ ಪುನರಾವರ್ತನೆ ಬೇಕು, ಅದನ್ನೂ ‘ಶೇಷ ಹತ್ತರಲ್ಲೊಂದು ಪಾಲಾದರೆ ಸಾಕು’ ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ.

ಪ್ರೀಕಂಡಿಷನರ್ ಬದಲಾಗತೊಡಗುವುದು ಇಲ್ಲಿಂದ. ಒಂದು ಹೆಜ್ಜೆಯಲ್ಲಿ ಒಳಗಿನ ಲೆಕ್ಕ ನಾಲ್ಕು ಸುತ್ತಿಗೆ ನಿಂತಿತು, ಮುಂದಿನ ಹೆಜ್ಜೆಯಲ್ಲಿ ಒಂಬತ್ತು ಸುತ್ತು ಬೇಕಾಯಿತು. ಎರಡು ಸಲ ಬಳಕೆಯಾದದ್ದು ಒಂದೇ ಪ್ರೀಕಂಡಿಷನರ್ ಅಲ್ಲ. ಸುತ್ತುಗಳ ಸಂಖ್ಯೆಯನ್ನು ಐದಕ್ಕೆ ನಿಗದಿ ಮಾಡಿಬಿಟ್ಟರೆ ತೊಂದರೆ ತೀರಿತು ಎಂದು ಅನ್ನಿಸುವುದು ಸಹಜ. ಒಳಗಿರುವುದು ಗುಣಕಗಳು ಮೊದಲೇ ನಿಗದಿಯಾಗಿರುವ ಜಾಕೋಬಿ ಅಥವಾ ಚೆಬಿಷೇವ್ ವಿಧಾನದ ಸುತ್ತುಗಳಾಗಿ, ಪ್ರತಿ ಸಲವೂ ಸೊನ್ನೆಯಿಂದ ಶುರುವಾಗುವುದಾದರೆ ಆ ಎಣಿಕೆ ಸರಿ. ಒಳಗಿರುವುದು ಜಿಎಂರೆಸ್ ಆದರೆ ಐದೇ ಸುತ್ತು ಹಾಕಿದರೂ ಪ್ರೀಕಂಡಿಷನರ್ ಬದಲಾಗುತ್ತದೆ. ಏಕೆಂದರೆ ಕೈಗೆ ಬಂದ ದಿಕ್ಕನ್ನು ನೋಡಿಕೊಂಡೇ ಜಿಎಂರೆಸ್ ತನ್ನ ಗುಣಕಗಳನ್ನು ಆರಿಸುತ್ತದೆ. ಎರಡು ದಿಕ್ಕುಗಳ ಮೊತ್ತಕ್ಕೆ ಅದು ಕೊಡುವ ಉತ್ತರ ಬಿಡಿ ಉತ್ತರಗಳ ಮೊತ್ತವಾಗುವುದಿಲ್ಲ. ಸಾವಿರಾರು ಪ್ರೊಸೆಸರುಗಳು ಒಂದನ್ನೊಂದು ಕಾಯದೆ, ಪಕ್ಕದವರಿಂದ ಆಗ ಎಷ್ಟು ಬಂದಿದೆಯೋ ಅಷ್ಟನ್ನೇ ಬಳಸಿ ಮುಂದೆ ಸಾಗುವ ಕ್ರಮದಲ್ಲಂತೂ ಇಂದಿನ ಓಟಕ್ಕೂ ನಾಳಿನ ಓಟಕ್ಕೂ ತಾಳೆಯೇ ಇರದು.

ಬದಲಾದರೆ ಕೆಡುವುದೇನು? ಸ್ಥಿರ ಪ್ರೀಕಂಡಿಷನರಿನ ಜಿಎಂರೆಸ್ ಒಂದು ಉಳಿತಾಯ ಮಾಡಿಕೊಂಡಿರುತ್ತದೆ. ಅದು ಪ್ರೀಕಂಡಿಷನರಿನಿಂದ ಹಾಯಿಸುವ ಮೊದಲಿನ ದಿಕ್ಕುಗಳನ್ನಷ್ಟೇ ಕೂಡಿಡುತ್ತದೆ. ಕೊನೆಯಲ್ಲಿ ಅವುಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿ, ಬಂದ ಮೊತ್ತವನ್ನು ಒಂದೇ ಸಲ ಹಾಯಿಸಿ ಉತ್ತರ ಪಡೆಯುತ್ತದೆ. ಅನಕಾಪಲ್ಲಿಯ ಬೆಲ್ಲದ ಮಂಡಿಯಲ್ಲಿ ತಿಂಗಳಿಡೀ ಒಂದೇ ದರವಿದ್ದರೆ ವ್ಯಾಪಾರಿ ದಿನದಿನದ ತೂಕವನ್ನು ಬರೆದಿಟ್ಟರೆ ಸಾಕು, ಕೊನೆಗೆ ಒಟ್ಟು ತೂಕವನ್ನು ದರದಿಂದ ಒಮ್ಮೆ ಗುಣಿಸಿದರೆ ಲೆಕ್ಕ ಮುಗಿಯುತ್ತದೆ. ದರ ದಿನಕ್ಕೊಂದಾದರೆ ತೂಕದ ಪಟ್ಟಿಯೊಂದರಿಂದ ಹಣ ಎಷ್ಟೆಂದು ಹೇಳಲಾಗದು. ಆಯಾ ದಿನದ ಮೊತ್ತವನ್ನು ಆಯಾ ದಿನವೇ ಬರೆದಿಡಬೇಕು. ಜಿಎಂರೆಸ್‌ನ ತೊಡಕೂ ಇಷ್ಟೇ. ಪ್ರೀಕಂಡಿಷನರ್ ಬದಲಾಗುತ್ತಿರುವಾಗ ಕೊನೆಯಲ್ಲಿ ಹಾಯಿಸಲು ‘ಆ’ ಪ್ರೀಕಂಡಿಷನರ್ ಎಂಬುದೇ ಇರುವುದಿಲ್ಲ. ಇದನ್ನು ಗಮನಿಸದೆ ಹಳೆಯ ಕ್ರಮವನ್ನೇ ನಡೆಸಿದರೆ, ವಿಧಾನ ತನ್ನೊಳಗೆ ಲೆಕ್ಕ ಹಾಕಿಕೊಂಡ ಶೇಷ ಇಳಿಯುತ್ತಲೇ ಹೋಗುತ್ತದೆ, ನಿಜವಾದ ಶೇಷ ಎಲ್ಲೋ ನಿಂತುಬಿಟ್ಟಿರುತ್ತದೆ.

ಪರಿಹಾರ, ಹಾಯಿಸಿದ ಮೇಲೆ ಬಂದ ದಿಕ್ಕುಗಳನ್ನೂ ಕೂಡಿಡುವುದು. ಯೂಸುಫ್ ಸಾದ್ 1993ರಲ್ಲಿ ಪ್ರಕಟಿಸಿದ ‘ಫ್ಲೆಕ್ಸಿಬಲ್ ಜಿಎಂರೆಸ್’ ಮಾಡುವುದು ಇದನ್ನೇ. ಮೂಲ ಕ್ರಮವನ್ನು ಬರೆದ ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ತಿದ್ದಿದರೆ ಇದು ಸಿಗುತ್ತದೆ. ಪ್ರತಿ ಹೆಜ್ಜೆಯಲ್ಲಿ ಹಾಯಿಸಿದ ದಿಕ್ಕನ್ನು ಮೂಲ ಮ್ಯಾಟ್ರಿಕ್ಸಿನಿಂದ ಗುಣಿಸಿ, ಬಂದದ್ದನ್ನು ಹಿಂದಿನ ದಿಕ್ಕುಗಳಿಗೆ ಲಂಬವಾಗಿಸಿ ಒಂದು ಪಟ್ಟಿಗೆ ಸೇರಿಸುತ್ತಾರೆ. ಹಾಯಿಸಿದ ದಿಕ್ಕು ಇನ್ನೊಂದು ಪಟ್ಟಿಗೆ ಹೋಗುತ್ತದೆ. ಕೊನೆಯ ಉತ್ತರ ಎರಡನೆಯ ಪಟ್ಟಿಯ ದಿಕ್ಕುಗಳ ಮೊತ್ತ. ಆ ದಿಕ್ಕುಗಳಿಂದ ಸಾಧ್ಯವಿರುವುದರಲ್ಲಿ ಅತಿ ಕಿರಿಯ ಶೇಷವನ್ನೇ ಇದು ಕೊಡುತ್ತದೆ. ದಿಕ್ಕುಗಳು ಎಲ್ಲಿಂದ ಬಂದವು, ಹೇಗೆ ಬಂದವು ಎಂದು ಕೇಳುವುದೇ ಇಲ್ಲ. ಹಾಗಾಗಿ ಹೆಜ್ಜೆ ಹೆಚ್ಚಾದಂತೆ ಶೇಷ ಹೆಚ್ಚುವ ಭಯವಿಲ್ಲ.

ಬೆಲೆ ತೆರಬೇಕಾದದ್ದು ನೆನಪಿನ ಕೋಶದಲ್ಲಿ. 22 ಕೋಟಿ ಅಜ್ಞಾತಗಳ ಒಂದು ದಿಕ್ಕಿಗೆ ಸುಮಾರು 1.76 ಗಿಗಾಬೈಟ್ ಬೇಕು. ಮೂವತ್ತು ದಿಕ್ಕುಗಳಾದ ಮೇಲೆ ಪಟ್ಟಿ ಅಳಿಸಿ ಹೊಸದಾಗಿ ಶುರುಮಾಡುವ ರೂಢಿಯಂತೆ ಸ್ಥಿರ ಪ್ರೀಕಂಡಿಷನರಿಗೆ 53 ಗಿಗಾಬೈಟ್ ಸಾಕಾದರೆ, ಬದಲಾಗುವುದಕ್ಕೆ 106. ಗುಣಾಕಾರ ಮತ್ತು ಸಂಕಲನದ ಕೆಲಸ ಮಾತ್ರ ಹೆಚ್ಚುವುದಿಲ್ಲ. ಕೊನೆಯಲ್ಲಿ ಒಂದು ಸಲ ಹಾಯಿಸುವ ಕೆಲಸ ಉಳಿತಾಯವೇ ಆಗುತ್ತದೆ. ಕಳೆದುಕೊಂಡದ್ದು ಇನ್ನೊಂದಿದೆ. ಈ ದಿಕ್ಕುಗಳು ತುಂಬುವ ಜಾಗ ಇನ್ನು ಕ್ರೈಲೋವ್ ಜಾಗವಲ್ಲ. ಮ್ಯಾಟ್ರಿಕ್ಸಿನ ಐಗನ್ ಬೆಲೆಗಳನ್ನು ನೋಡಿ ಎಷ್ಟು ಹೆಜ್ಜೆ ಬೇಕಾದೀತೆಂದು ಮೊದಲೇ ಹೇಳುವ ಸಿದ್ಧಾಂತ ಇಲ್ಲಿ ಕೈಕೊಡುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಮಾಮೂಲಿ ಜಿಎಂರೆಸ್‌ನಲ್ಲಿ ಹೊಸ ದಿಕ್ಕು ಸಿಗದೆ ಲೆಕ್ಕ ನಿಂತರೆ ಅದು ಸಂತೋಷದ ಸುದ್ದಿ, ನಿಖರ ಉತ್ತರ ಸಿಕ್ಕಿದೆ ಎಂದರ್ಥ. ಬದಲಾಗುವ ಪ್ರೀಕಂಡಿಷನರಿನಲ್ಲಿ ಆ ಭರವಸೆ ಇಲ್ಲ. ಪ್ರೀಕಂಡಿಷನರ್ ಹಿಂದೆ ಕೊಟ್ಟ ದಿಕ್ಕನ್ನೇ ಮತ್ತೆ ಕೊಟ್ಟರೂ ಲೆಕ್ಕ ನಿಲ್ಲುತ್ತದೆ.

ಹೆನ್ಕ್ ಫಾನ್ ಡರ್ ವೊರ್ಸ್ಟ್ ಮತ್ತು ಕೀಸ್ ವುಯ್ಕ್ 1994ರಲ್ಲಿ ಕೊಟ್ಟ ಜಿಎಂರೆಸ್‌ಆರ್ ಇನ್ನೊಂದು ಬಗೆ. ಅದರಲ್ಲಿ ಒಳಗಿನ ಲೆಕ್ಕಕ್ಕೆ ಕೊಡುವುದು ಆ ಹೊತ್ತಿನ ಶೇಷವನ್ನೇ. ಇದರಿಂದ ಒಂದು ಬಿಗಿಯಾದ ಭರವಸೆ ದಕ್ಕುತ್ತದೆ: ಒಳಗಿನ ಲೆಕ್ಕ ಶೇಷವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಹೊರಗಿನ ಶೇಷವೂ ಕನಿಷ್ಠ ಅಷ್ಟು ಇಳಿದೇ ತೀರುತ್ತದೆ. ನಡುವೆ ಹಳೆಯ ದಿಕ್ಕುಗಳನ್ನು ಬೇಕಾದ ಹಾಗೆ ಕೈಬಿಡಬಹುದು. ಇದೇ ಗುಂಪಿನ ಜಿಸಿಆರ್ ಎಂಬ ವಿಧಾನವನ್ನು 2004ರಲ್ಲಿ ಮಾರ್ಟಿನ್ ಲ್ಯೂಷರ್ ಕ್ವಾರ್ಕ್‌ಗಳ ಲೆಕ್ಕಕ್ಕೆ ಅಳವಡಿಸಿದಾಗಲೂ ಪ್ರೀಕಂಡಿಷನರಾಗಿ ಬಂದದ್ದು ಶ್ವಾರ್ಟ್ಸನ ತುಂಡು ಪ್ರದೇಶಗಳೇ.

ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನದಲ್ಲಿ ತಿದ್ದುಪಡಿ ಇನ್ನೂ ಚಿಕ್ಕದು, ಆದರೆ ನೋಡತಕ್ಕದ್ದು. ಅದರಲ್ಲಿ ಹೊಸ ದಿಕ್ಕಿಗೆ ಹಳೆಯದನ್ನು ಎಷ್ಟು ಬೆರೆಸಬೇಕೆಂದು ಹೇಳುವ ಒಂದು ಭಿನ್ನರಾಶಿ ಬರುತ್ತದೆ. ಪೂರ್ಣರೂಪದಲ್ಲಿ ಅದರ ಅಂಶದಲ್ಲಿ ಎರಡು ಪದಗಳಿವೆ. ಹಾಯಿಸಿದ ಹೊಸ ಶೇಷವನ್ನು ಹೊಸ ಶೇಷದೊಡನೆ ಗುಣಿಸಿದ್ದು ಒಂದು; ಅದರಿಂದ ಕಳೆಯಬೇಕಾದದ್ದು, ಹಾಯಿಸಿದ ಹೊಸ ಶೇಷವನ್ನು ಹಳೆಯ ಶೇಷದೊಡನೆ ಗುಣಿಸಿದ್ದು. ಪ್ರೀಕಂಡಿಷನರ್ ಸ್ಥಿರವಾಗಿ ಸಮಮಿತವಾಗಿದ್ದರೆ ಎರಡನೆಯ ಪದ ಸರಿಯಾಗಿ ಸೊನ್ನೆ. ಅದಕ್ಕೇ ಪಠ್ಯಪುಸ್ತಕಗಳು ಅದನ್ನು ಬರೆಯುವುದೇ ಇಲ್ಲ. ಪ್ರೀಕಂಡಿಷನರ್ ಬದಲಾದ ಕೂಡಲೇ ಆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ, ಬಿಟ್ಟ ಪದದ ಸೇಡು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ. ಪದವನ್ನು ಮರಳಿ ಸೇರಿಸಿದರೆ, ಹಳೆಯ ಶೇಷವೊಂದನ್ನು ಹೆಚ್ಚಾಗಿ ಇಟ್ಟುಕೊಂಡರೆ ಸಾಕು, ವಿಧಾನ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಗೋಲುಬ್ ಮತ್ತು ಯೇ 1999ರಲ್ಲಿ, ಯ್ವಾನ್ ನೊಟೆ 2000ದಲ್ಲಿ ಇದನ್ನು ವಿಶ್ಲೇಷಿಸಿದರು. ಇದಕ್ಕೂ ಮೊದಲು, 1991ರಲ್ಲೇ, ಆಕ್ಸೆಲ್ಸನ್ ಮತ್ತು ವಾಸಿಲೆವ್‌ಸ್ಕಿ ಹೆಜ್ಜೆಗೊಂದು ಪ್ರೀಕಂಡಿಷನರ್ ಬಳಸುವ ಸಾಮಾನ್ಯ ವಿಧಾನವನ್ನು ಕೊಟ್ಟಿದ್ದರು. ಅದರಲ್ಲಿ ಹಳೆಯ ದಿಕ್ಕುಗಳನ್ನು ಇನ್ನೂ ಹೆಚ್ಚು ಇಟ್ಟುಕೊಳ್ಳಬಹುದು.

ಒಳಗಿನ ಲೆಕ್ಕ ಎಷ್ಟು ನಿಖರವಾಗಿರಬೇಕು ಎಂಬುದು ಬಳಕೆದಾರರನ್ನು ಹೆಚ್ಚು ಕಾಡುವ ಪ್ರಶ್ನೆ. ತೀರಾ ನಿಖರವಾಗಿ ಮಾಡಿದರೆ ಹೊರಗಿನ ಹೆಜ್ಜೆಗಳು ಕಡಿಮೆ, ಆದರೆ ಒಂದೊಂದು ಹೆಜ್ಜೆಯೂ ದುಬಾರಿ. ತೀರಾ ಒರಟಾದರೆ ಇದರ ತಿರುವುಮುರುವು. ಸಾಮಾನ್ಯವಾಗಿ ಒರಟುತನದ ಕಡೆಗೆ ವಾಲುವುದೇ ಲಾಭ. ಬ್ರಿಟನ್ನಿನ ಹವಾಮಾನ ಇಲಾಖೆ ಸಿದ್ಧಪಡಿಸಿದ ಹೊಸ ಮಾದರಿ ಎಲ್‌ಎಫ್‌ರಿಕ್‌ನಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಗಾಳಿ, ಒತ್ತಡ, ಉಷ್ಣತೆಗಳೆಲ್ಲ ಕೂಡಿದ ದೊಡ್ಡ ವ್ಯವಸ್ಥೆಗೆ ಹೊರಗಿನ ಪುನರಾವರ್ತನೆ. ಅದರ ಪ್ರೀಕಂಡಿಷನರಾಗಿ ಒತ್ತಡವೊಂದರ ಹೆಲ್ಮ್‌ಹೋಲ್ಟ್ಸ್ ಸಮೀಕರಣದ ಅಂದಾಜು ಉತ್ತರ. ಒಳಗಿನ ಆ ಸಮೀಕರಣವನ್ನು ಇನ್ನೊಂದು ಕ್ರೈಲೋವ್ ವಿಧಾನದಿಂದ ನಿಗದಿತ ನಿಖರತೆಯವರೆಗೆ ಬಿಡಿಸಬಹುದು, ಆಗ ಪ್ರೀಕಂಡಿಷನರ್ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಒರಟು ಜಾಲಗಳಿಗೆ ಇಳಿದು ಮೇಲೆ ಬರುವ ಮಲ್ಟಿಗ್ರಿಡ್‌ನ ಒಂದೇ ಒಂದು ಸುತ್ತೂ ಅದೇ ಕೆಲಸಕ್ಕೆ ಸಾಕೆಂದು, ಅದೇ ಹೆಚ್ಚು ವೇಗವೆಂದು 2020ರ ಸುಮಾರಿಗೆ ಅದರ ತಂಡ ತೋರಿಸಿತು. ಬದಲಾಗುವ ಪ್ರೀಕಂಡಿಷನರ್ ಎಲ್ಲ ಕಡೆಯೂ ಗೆಲ್ಲುವ ಅಸ್ತ್ರವಲ್ಲ. ಭೂಗರ್ಭದ ಬಂಡೆಯ ಹರಿವನ್ನು ಲೆಕ್ಕ ಹಾಕುವ ‘ಆಸ್ಪೆಕ್ಟ್’ ತಂತ್ರಾಂಶ ನಡುದಾರಿ ಹಿಡಿದಿದೆ. ಮೊದಲು ಅಗ್ಗದ ಪ್ರೀಕಂಡಿಷನರಿನಿಂದ ಒಂದಷ್ಟು ಹೆಜ್ಜೆ ನಡೆಯುತ್ತದೆ, ಕೆಲಸ ಆಗದಿದ್ದರೆ ಮಾತ್ರ ದುಬಾರಿಯದಕ್ಕೆ ಕೈಹಾಕುತ್ತದೆ.

ಪ್ರೀಕಂಡಿಷನರ್ ಅಲ್ಲ, ಮೂಲ ಮ್ಯಾಟ್ರಿಕ್ಸಿನ ಗುಣಾಕಾರವೇ ಅಂದಾಜಿನದಾದರೆ ನಿಯಮ ಬೇರೆ. ಗುಣಾಕಾರದೊಳಗೇ ಇನ್ನೊಂದು ಸಮೀಕರಣ ಅಡಗಿರುವ ಲೆಕ್ಕಗಳಲ್ಲಿ ಹೀಗಾಗುತ್ತದೆ. ಅಲ್ಲಿ ಧಾರಾಳ ಸಲ್ಲದು, ಏಕೆಂದರೆ ಶೇಷವನ್ನು ಅಳೆಯುವ ಕೋಲೇ ಅಲುಗಾಡುತ್ತಿದೆ. ಸಿಮೊನ್ಚಿನಿ ಮತ್ತು ಶಿಲ್ಡ್ 2003ರಲ್ಲಿ ಕೊಟ್ಟ ಸಿದ್ಧಾಂತದ ಪ್ರಕಾರ ಮೊದಲ ಹೆಜ್ಜೆಗಳಲ್ಲಿ ಗುಣಾಕಾರ ಬಹಳ ನಿಖರವಾಗಿರಬೇಕು. ಶೇಷ ಇಳಿದಂತೆಲ್ಲ ಅದನ್ನು ಸಡಿಲ ಬಿಡಬಹುದು. ಉತ್ತರ ಹತ್ತಿರವಾದಂತೆ ಎಚ್ಚರ ಹೆಚ್ಚಬೇಕು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ನೇರ ವಿರುದ್ಧ. ಮೊದಲ ದಿಕ್ಕುಗಳಿಗೆ ಕೊನೆಯ ಮೊತ್ತದಲ್ಲಿ ದೊಡ್ಡ ಪಾಲು, ಕೊನೆಯ ದಿಕ್ಕುಗಳಿಗೆ ಚಿಕ್ಕ ಪಾಲು ಇರುವುದೇ ಇದಕ್ಕೆ ಕಾರಣ.

ಇತ್ತೀಚಿನ ಗ್ರಾಫಿಕ್ಸ್ ಪ್ರೊಸೆಸರುಗಳು ಕಡಿಮೆ ಅಂಕಿಗಳ ಲೆಕ್ಕವನ್ನು ಹಲವು ಪಟ್ಟು ವೇಗವಾಗಿ ಮಾಡುತ್ತವೆ. ಹಾಗಾಗಿ ಒಳಗಿನ ಲೆಕ್ಕವನ್ನು 32 ಅಥವಾ 16 ಬಿಟ್‌ನಲ್ಲಿ, ಹೊರಗಿನದನ್ನು 64 ಬಿಟ್‌ನಲ್ಲಿ ನಡೆಸುವುದು ರೂಢಿಗೆ ಬರುತ್ತಿದೆ. ಅಂಕಿ ಕತ್ತರಿಸುವುದರಿಂದ ಪ್ರೀಕಂಡಿಷನರ್ ಕೊಂಚ ಬದಲಾಗುತ್ತದೆ, ಫ್ಲೆಕ್ಸಿಬಲ್ ವಿಧಾನ ಅದನ್ನು ನುಂಗಿಕೊಳ್ಳುತ್ತದೆ. ನರಜಾಲಗಳನ್ನೇ ತರಬೇತುಗೊಳಿಸಿ ಪ್ರೀಕಂಡಿಷನರ್ ಮಾಡುವ ಪ್ರಯತ್ನಗಳೂ ನಡೆದಿವೆ. ನರಜಾಲ ರೇಖೀಯವಲ್ಲ, ಎರಡರ ಮೊತ್ತಕ್ಕೆ ಅದು ಕೊಡುವ ಉತ್ತರ ಬಿಡಿ ಉತ್ತರಗಳ ಮೊತ್ತವಾಗುವುದಿಲ್ಲ. ಆದ್ದರಿಂದ ಅಲ್ಲಿ ಮಾಮೂಲಿ ಜಿಎಂರೆಸ್ ಬಳಸುವಂತಿಲ್ಲ, ಎರಡು ಪಟ್ಟಿಗಳ ವಿಧಾನವೇ ಬೇಕು. ತರಬೇತಿಯಲ್ಲಿ ನೋಡದ ಸಮೀಕರಣ ಎದುರಾಗಿ ನರಜಾಲ ಅಸಂಬದ್ಧ ದಿಕ್ಕು ಕೊಟ್ಟರೆ, ಆ ಹೆಜ್ಜೆಯಲ್ಲಿ ಶೇಷ ಇದ್ದಲ್ಲೇ ಇರುತ್ತದೆ, ನೆನಪಿನ ಕೋಶದಲ್ಲಿ ಎರಡು ದಿಕ್ಕುಗಳ ಜಾಗ ದಂಡವಾಗುತ್ತದೆ, ಮುಂದಿನ ಹೆಜ್ಜೆಗೆ ಹಳೆಯ ಕಂಬಗಳ ಪ್ರೀಕಂಡಿಷನರನ್ನು ಹಾಕಿ ಮುಂದುವರಿಯಬಹುದು.